ಕಿಟಕಿ ಕಡೆಯ ಕ್ಲೋರಿನ್

ಉರಾಲ್ ಬೆಟ್ಟದ ತಪ್ಪಲಿನ ಆ ಉಕ್ಕಿನ ಊರಿನಲ್ಲಿ ಆಗಸ್ಟ್ ಮುಗಿಯುತ್ತ ಬಂದಿತ್ತು. ರಸಾಯನಶಾಸ್ತ್ರದ ಟೀಚರ್ ಜಿನೈದಾ ಅರ್ಕಾದ್ಯೆವ್ನಾ ತರಗತಿಯ ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಗೋಡೆ ತುಂಬ ಆವರ್ತ ಕೋಷ್ಟಕ, ಮೇಲಿಂದ ಕೆಳಗೆ ಎಂಟೇ ಸಾಲುಗಳ ಹಳೆಯ ಮಾದರಿಯದು. ಬಿಳಿ ಬಣ್ಣದ ಮೇಲೆ ಕಪ್ಪು ಅಕ್ಷರ. ಪ್ರತಿಯೊಂದು ಮೂಲವಸ್ತುವೂ ತನ್ನ ಚೌಕದ ನಟ್ಟನಡುವೆ ಅಚ್ಚುಕಟ್ಟಾಗಿ ಕೂತಿತ್ತು.

ಅನಾಹುತವಾಗಿದ್ದೇ ಅದು.

"ಯೆಫೀಮ್ ಕುಜ್ಮಿಚ್, ಇದೇನ್ರೀ ಮಾಡಿಟ್ಟಿದ್ದೀರಿ?"

ಏಣಿಯ ಮೇಲಿದ್ದ ಪೇಂಟರ್ ಮೀಸೆಯಲ್ಲೇ ನಕ್ಕ. ಮೇ ದಿನದ ಮೆರವಣಿಗೆಯ ಕೆಂಪು ಬಟ್ಟೆಗಳ ಮೇಲೆ ಘೋಷಣೆ ಬರೆದು ಪಳಗಿದ ಕೈ ಅವನದು.

"ಚೆನ್ನಾಗಿ ಬಂದಿದೆ ಅಲ್ವಾ ತಾಯಿ? ನೀವು ಕೊಟ್ಟ ಹಾಳೇಲಿ ಒಂದು ಎಡಕ್ಕೆ, ಒಂದು ಬಲಕ್ಕೆ, ಕುಡ್ಕ ನಡೆದಂಗಿತ್ತು. ಎಲ್ಲಾನೂ ನಡುವಿಗೆ ತಂದು ಕೂರಿಸ್ದೆ. ಅಕ್ಷರ ಓರೆಯಾದ್ರೆ ನಮ್ಮ ಕಸುಬಲ್ಲಿ ಬೋನಸ್ ಕಟ್."

ಜಿನೈದಾ ಬೆಂಚಿನ ಮೇಲೆ ಕುಸಿದಳು. ಹಳೆಯ ಕಾಗದದ ಕೋಷ್ಟಕ ಬಿಸಿನೀರಿನ ಕೊಳವೆ ಸೋರಿ ಕೊಳೆತುಹೋದಂದಿನಿಂದ ಹೊಸದಕ್ಕಾಗಿ ಅವಳು ಹೆಡ್‌ಮಾಸ್ಟರ ಹಿಂದೆ ಅಲೆದಿದ್ದಳು. ಕೋಷ್ಟಕವಿಲ್ಲದೆ ಓದಿದ ಜಾಣ ಹುಡುಗಿಯೊಬ್ಬಳು ಹೋದ ವರ್ಷ ಇನ್‌ಸ್ಟಿಟ್ಯೂಟಿನ ಮೌಖಿಕ ಪ್ರವೇಶ ಪರೀಕ್ಷೆಯಲ್ಲಿ, ಕ್ಲೋರಿನ್ನೂ ಮ್ಯಾಂಗನೀಸೂ ಒಂದೇ ಸಾಲಿನವು, ಹಾಗಾಗಿ ಒಂದೇ ಸ್ವಭಾವದವು ಎಂದು ಹೇಳಿ ಫೇಲಾಗಿ ಬಂದಿದ್ದಳು. ಬರುವ ಬೇಸಿಗೆಯಲ್ಲಿ ಅದೇ ಪರೀಕ್ಷೆಗೆ ಕೂರುವವಳು ಜಿನೈದಾಳ ಮಗಳು ಕ್ಲಾವಾ. ಮನೆಯಲ್ಲಿ ಅಮ್ಮ ಬಾಯಿ ತೆರೆದರೆ ಸಾಕು, ರೇಡಿಯೋ ಜೋರು ಮಾಡುವ ಮಗಳು. ಗೋಡೆಯಾದರೂ ಅವಳಿಗೆ ಕಲಿಸಲಿ ಎಂಬುದು ಅಮ್ಮನಿಗೆ ಉಳಿದ ಒಂದೇ ಆಸೆ.

"ನಿಮ್ಮ ಮನೇಲಿ ಎಷ್ಟು ಸಂಸಾರ ಇವೆ?" ಎಂದಳು.

"ಎರಡು. ನಮ್ದು ಕಿಟಕಿ ಕಡೆ ಕೋಣೆ, ಆ ದರಿದ್ರ ರಿಬಾಕೋವ್‌ದು ಬಾಗಿಲ ಕಡೆ. ಅಡುಗೆಮನೆ ಮಾತ್ರ ಒಂದೇ. ಯಾಕೆ?"

"ಮೇಲಿಂದ ಕೆಳಗಿಳಿಯೋ ಈ ಸಾಲುಗಳೂ ಅಂಥ ಮನೆಗಳೇ. ಏಳನೇದು ನೋಡಿ. ಎಡಕ್ಕಿರಬೇಕಾದ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಕಿಟಕಿ ಕಡೆ ಸಂಸಾರ. ಮ್ಯಾಂಗನೀಸ್‌ದು ಬಾಗಿಲ ಕಡೆ. ಆಮ್ಲಜನಕದ ಜೊತೆ ಕೂಡೋವಾಗ ಇಬ್ಬರೂ ಏಳು ಕೈಗಳವರೆಗೆ ಚಾಚ್ತಾರೆ, ಅಡುಗೆಮನೆ ಒಂದೇ ಅಂತ ಇಟ್ಕೊಳ್ಳಿ. ನೆಂಟಸ್ತನ ಅಷ್ಟಕ್ಕೇ ಮುಗೀತು. ಒಂದು ವಿಷದ ಗಾಳಿ, ಇನ್ನೊಂದು ನಮ್ಮೂರ ಕಾರ್ಖಾನೇಲಿ ಉಕ್ಕಿಗೆ ಹಾಕೋ ಲೋಹ. ಎಡ, ಬಲ ನೋಡಿಯೇ ಯಾವುದು ಯಾರ ಸಂಸಾರ ಅಂತ ಗೊತ್ತಾಗ್ಬೇಕು."

ಪೇಂಟರ್ ಗೋಡೆಯನ್ನು ದಿಟ್ಟಿಸಿದ. "ಅಂದ್ರೆ ನಾನು ರಿಬಾಕೋವ್‌ನ ತಂದು ನನ್ನ ಹಾಸಿಗೇಲೇ ಮಲಗಿಸಿದೀನಿ ಅನ್ನಿ!"

"ಅದನ್ನೇ ಮಾಡಿರೋದು. ಅಳಿಸಿ, ಮತ್ತೆ ಬರೀರಿ."

"ಆಗಲ್ಲ ತಾಯಿ. ನಾಳೆಯಿಂದ ಆಲೂಗಡ್ಡೆ ಕೀಳ್ಬೇಕು. ಹೆಂಡ್ತಿಗೆ ಸೊಂಟ ಹಿಡ್ಕೊಂಡಿದೆ."

ಜಿನೈದಾ ಕಣ್ಣು ಮುಚ್ಚಿಕೊಂಡಳು. ಊರಾಚೆಯ ತುಂಡು ಜಮೀನಿನಲ್ಲಿ ಅವಳದೇ ಆಲೂಗಡ್ಡೆ ಇನ್ನೂ ಮಣ್ಣಿನೊಳಗಿತ್ತು. "ನಿಮ್ಮ ಆಲೂಗಡ್ಡೆ ನಾನು ಕೀಳ್ತೀನಿ. ನೀವು ಗೋಡೆ ಸರಿಮಾಡಿ."

ಶನಿವಾರ, ಭಾನುವಾರ ಎರಡೂ ದಿನ ತುಂತುರು ಮಳೆಯಲ್ಲಿ ಬಗ್ಗಿ ಅಗೆದಳು. ಪೇಂಟರನ ಹೆಂಡತಿ ಮಂಕರಿ ಬೋರಲು ಹಾಕಿ ಕೂತು, "ಗುದ್ದಲಿ ಹಿಡಿಯೋದು ಹಂಗಲ್ಲ ಟೀಚರಮ್ಮ! ಅರ್ಧ ಗೆಡ್ಡೆ ಕತ್ತರಿಸೇ ಹಾಕ್ತಿದ್ದೀಯಲ್ಲ!" ಎಂದು ಬೈಯುತ್ತಲೇ ಇದ್ದಳು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಮನೆಗೆ ಬಂದರೆ ಒಗೆಯುವ ಬಟ್ಟೆಯ ರಾಶಿ, ಕ್ಲಾವಾಳ ರೇಡಿಯೋ.

ಸೆಪ್ಟೆಂಬರ್ ಒಂದರ ಬೆಳಿಗ್ಗೆ ಗೋಡೆ ಸರಿಯಾಗಿತ್ತು. ಕ್ಲೋರಿನ್ ಕಿಟಕಿ ಕಡೆ, ಮ್ಯಾಂಗನೀಸ್ ಬಾಗಿಲ ಕಡೆ. ಜಿನೈದಾ ಉಸಿರು ಬಿಡುವಷ್ಟರಲ್ಲಿ ಹೆಡ್‌ಮಾಸ್ಟರ್ ವಾದಿಮ್ ಸ್ತೆಪಾನೊವಿಚ್ ಒಳಗೆ ಬಂದರು.

"ಏನಿದು ಸೊಟ್ಟಸೊಟ್ಟ? ಮೊನ್ನೆ ನೇರವಾಗಿತ್ತಲ್ಲ! ಪಾರ್ಟಿಯ ಜಿಲ್ಲಾ ಕಮಿಟಿಯವರು ನೋಡಿದ್ರೆ ನಗ್ತಾರೆ. ನೇರ ಮಾಡಿಸಿ."

"ಅದು ಇರಬೇಕಾಗಿದ್ದೇ ಹೀಗೆ, ವಾದಿಮ್ ಸ್ತೆಪಾನೊವಿಚ್. ಎಡದವು ಒಂದು ಕುಟುಂಬ, ಬಲದವು..."

"ನನಗೆ ಪಾಠ ಬೇಡ. ನಾನು ಇತಿಹಾಸದ ಮೇಷ್ಟ್ರು, ಆದ್ರೂ ನೇರ ಯಾವುದು, ಸೊಟ್ಟ ಯಾವುದು ಗೊತ್ತಾಗತ್ತೆ. ಏನಪ್ಪಾ ಯೆಫೀಮ್, ಯಾವಾಗ ಮಾಡ್ತೀಯ?"

ಮೂಲೆಯಲ್ಲಿ ಏಣಿ ಮಡಚುತ್ತಿದ್ದ ಪೇಂಟರ್ ಡಬ್ಬವನ್ನು ತಲೆಕೆಳಗು ಮಾಡಿ ತೋರಿಸಿದ. ಒಂದು ಹನಿಯೂ ಬೀಳಲಿಲ್ಲ. "ಬಿಳಿ ಬಣ್ಣ ಖಾಲಿ ಸಾರ್. ಇನ್ನು ಉಗ್ರಾಣಕ್ಕೆ ಬರೋದು ವಸಂತಕ್ಕೇ. ಅದೂ ಬಂದ್ರೆ."

ಹೆಡ್‌ಮಾಸ್ಟರ್ ಗೊಣಗುತ್ತ ಹೋದರು. ಸಾಬೂನಿಲ್ಲ, ಬೂಟಿಲ್ಲ ಎಂದು ವರ್ಷವಿಡೀ ಶಪಿಸುತ್ತಿದ್ದ ಜಿನೈದಾಗೆ ಆ ಖಾಲಿ ಡಬ್ಬವನ್ನು ಎದೆಗೆ ಅವಚಿಕೊಳ್ಳಬೇಕೆನಿಸಿತು.

ಗಂಟೆ ಹೊಡೆಯಿತು. ಶಾಲೆಯ ಕೊನೆಯ ವರ್ಷದ ಹತ್ತನೇ ತರಗತಿಯವರು ಒಳನುಗ್ಗಿದರು. ಕಿಟಕಿ ಪಕ್ಕ ಕೂತ ಕ್ಲಾವಾ ಬಹಳ ಹೊತ್ತು ಗೋಡೆಯನ್ನೇ ನೋಡಿದಳು. ಕೊನೆಗೆ ಕೈ ಎತ್ತಿದಳು. ಶಾಲೆಯಲ್ಲಿ ಅಮ್ಮನನ್ನು ಪೂರ್ತಿ ಹೆಸರು ಹಿಡಿದು ಕರೆಯಬೇಕಾದ ಕಿರಿಕಿರಿ ದನಿಯಲ್ಲಿತ್ತು.

"ಜಿನೈದಾ ಅರ್ಕಾದ್ಯೆವ್ನಾ, ಮ್ಯಾಂಗನೀಸ್ ಯಾಕೆ ಆ ಕಡೆ ಸರ್ಕೊಂಡಿದೆ? ಕ್ಲೋರಿನ್ ಜೊತೆ ಜಗಳಾನಾ?"

ಜಿನೈದಾ ಸೀಮೆಸುಣ್ಣ ಎತ್ತಿಕೊಂಡಳು. ಒಡೆದ ಬೊಬ್ಬೆಗೆ ತಾಗಿ ಚುರ್ರೆಂದಿತು.

"ಎದ್ದು ಬಾ," ಎಂದಳು. "ನಾನು ಹೇಳ್ತೀನಿ, ನೀನು ಬರಿ."