ಮೋಡದ ಡಬಲ್ ಆ್ಯಕ್ಟಿಂಗು

ಸಂಶೋಧನಾ ಕೇಂದ್ರದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಡೈಲಾಗ್ ಎಂದು. ಲಿಫ್ಟು ಕೆಟ್ಟರೆ ಒಂದು ಸಿನಿಮಾ ಡೈಲಾಗು, ಕಾಫಿ ಮಷೀನು ಕಪ್ಪಿಲ್ಲದೆ ಕಾಫಿ ಸುರಿದರೆ ಇನ್ನೊಂದು. ಆದರೆ ಆವತ್ತು ಬೆಳಿಗ್ಗೆಯಿಂದ ಹೀರೋ ಬಾಯಿಗೆ ಬೀಗ. ಅವನ ಮೋಡಗಳು ಸಾಯುತ್ತಿದ್ದವು.

ಸಾಯಲಿ, ಅದೇನು ತಪ್ಪಲ್ಲ. ಮೋಡ ಹುಟ್ಟುವುದು, ಉಬ್ಬುವುದು, ಮಳೆ ಸುರಿಸಿಯೋ ಸುರಿಸದೆಯೋ ಕರಗುವುದು, ಇಷ್ಟನ್ನೂ ಕಂಪ್ಯೂಟರಿನೊಳಗೆ ನಡೆಸಿ ನೋಡುವುದೇ ಅವನ ಸಂಶೋಧನೆ. ಪೆಟ್ಟಿಗೆಯಂಥ ಒಂದು ತುಂಡು ಆಕಾಶ, ಅದರೊಳಗೆ ಲೆಕ್ಕದ ಬಿಸಿಲು, ಲೆಕ್ಕದ ತೇವ, ಲೆಕ್ಕದ ಗಾಳಿ. ಎಲ್ಲಾ ಸರಿ, ಆಯಸ್ಸು ಮಾತ್ರ ಸರಿಯಿಲ್ಲ. ಹೊರಗಿನ ನಿಜವಾದ ಮೋಡಕ್ಕಿರುವ ಆಯಸ್ಸಿನಲ್ಲಿ ಅರ್ಧವೂ ಇವಕ್ಕಿಲ್ಲ. ವಿಲನ್ನಿನ ಹಿಂದೆ ನಿಲ್ಲುವ ರೌಡಿಗಳ ಹಾಗೆ ಬಂದವು, ಒಂದು ಏಟು ತಿಂದವು, ಮಲಗಿದವು.

ಅದೇ ಮಧ್ಯಾಹ್ನ ಕಮಿಟಿ ಸೇರುವುದಿತ್ತು. ಕೇಂದ್ರದ ದೊಡ್ಡ ಕಂಪ್ಯೂಟರು ಮುಂದಿನ ವರ್ಷ ಯಾರಿಗೆ ಎಂದು ತೀರ್ಮಾನ ಮಾಡುವ ಕಮಿಟಿ. ಆಯಸ್ಸು ಹೊಂದದಿದ್ದರೆ ಮಷೀನು ಬೇರೆಯವರ ಪಾಲು. ಮಷೀನು ಹೋದರೆ ಅವನ ಡಾಕ್ಟರೇಟಿಗೂ ಶುಭಂ.

ಧೂಳು ಹೆಚ್ಚು ಮಾಡಿ ನೋಡಿದ್ದ. ತೇವ ಹೆಚ್ಚು ಮಾಡಿ ನೋಡಿದ್ದ. ನೆಲ ಕಾಯಿಸಿ, ಆರಿಸಿ, ಮತ್ತೆ ಕಾಯಿಸಿದ್ದ. ಮೋಡಗಳು ಮಾತ್ರ ಹಟ ಹಿಡಿದವರ ಹಾಗೆ ಸಾಯುತ್ತಲೇ ಇದ್ದವು. ಅಷ್ಟರಲ್ಲಿ ಅಮ್ಮನ ಫೋನು ಬಂತು.

"ಏನೋ, ಇನ್ನೂ ಸಾಯ್ತಾ ಇದಾವಾ?"

"ಹೂಂ ಕಣಮ್ಮ. ಕಣ್ಣು ಬಿಡೋಕೆ ಮುಂಚೆ."

"ನೀನು ಸಾಕಿದ್ ಮೀನುಗಳೂ ಹಿಂಗೇ ಮಾಡಿದ್ವು. ನಿನ್ ಕೈಗುಣಾನೇ ಅಂಥದ್ದು."

"ಅಮ್ಮಾ, ಸೆಂಟಿಮೆಂಟ್ ಸೀನಲ್ಲಿ ಕಾಮಿಡಿ ಮಾಡ್ಬೇಡ, ಇಡು ಫೋನು."

ಫೋನಿಟ್ಟಮೇಲೆ ಅವನಿಗೆ ನಗು ಬರಲಿಲ್ಲ. ಮೂಗಿನ ತುದಿ ಉರಿಯಿತು, ಅಷ್ಟೆ.

ಮೇಡಂ ಬಾಗಿಲಲ್ಲಿ ತಲೆ ಹಾಕಿದರು. ಅವನ ಗೈಡು ಅವರೇ. ರಾತ್ರಿ ನಿದ್ದೆ ಮಾಡಿರದ ಕಣ್ಣು.

"ಆ ದರಿದ್ರ ಬಲೂನುಗಳನ್ನ ತೆಗ್ದ್ಯಾ? ಕಮಿಟಿ ಮುಂದೆ ಅವೇನಾದ್ರೂ ಕಾಣಿಸ್ಲಿ, ಆಮೇಲಿದೆ ನಿಂಗೆ."

ಕಾಮಿಕ್ಸಿನಲ್ಲಿ ಮಾತು ಬರೆಯುವಂಥ ಆ ಬಲೂನು ಅವನದೇ ತರಲೆ. ಪರದೆಯ ಮೇಲೆ ಮೋಡ ಹುಟ್ಟಿದರೆ ಅದರ ಬಾಯಿಂದ ಹಸಿರು ಬಲೂನು ಏಳುತ್ತಿತ್ತು: 'ಯಾವನೋ ಅವ್ನು ನನ್ನ ಆಕಾಶದಲ್ಲಿ?' ಸತ್ತರೆ ಕೆಂಪು ಬಲೂನು: 'ಅಮ್ಮಾ... ಹೊಲಿಗೆ ಮಷೀನ್ ಮಾತ್ರ ಮಾರ್ಬೇಡಮ್ಮಾ!'

ತೆಗೆಯಲು ಕೂತ. ಕೊನೆಯ ಸಲ ನೋಡಿಬಿಡೋಣ ಎಂದು ಇಡೀ ದಿನದ ಆಕಾಶವನ್ನು ಜೋರಾಗಿ ಓಡಿಸಿದ. ಬಲೂನುಗಳೆಲ್ಲ ಪರದೆಯ ಮೇಲೇ ಉಳಿಯುವಂತೆ ಮಾಡಿದ್ದ.

ಕೆಂಪೆಲ್ಲ ಬಲಗಡೆ ಅಂಚಿಗೆ ಗುಡ್ಡೆ ಬಿದ್ದಿತ್ತು. ಹಸಿರೆಲ್ಲ ಎಡಗಡೆ ಅಂಚಿಗೆ.

ಮತ್ತೆ ಓಡಿಸಿದ. ಬಲಗಡೆ ಒಬ್ಬ 'ಅಮ್ಮಾ' ಎಂದು ಸಾಯುತ್ತಾನೆ, ಅದೇ ಎತ್ತರದಲ್ಲಿ, ಅದೇ ಗಾತ್ರದಲ್ಲಿ, ಎಡಗಡೆ ಇನ್ನೊಬ್ಬ 'ಯಾವನೋ' ಎಂದು ಹುಟ್ಟುತ್ತಾನೆ. ಕೆನ್ನೆಗೆ ಒಂದು ಮಚ್ಚೆ ಅಂಟಿಸಿಕೊಂಡು ಬಂದ ಅದೇ ಹೀರೋ! ಡಬಲ್ ಆ್ಯಕ್ಟಿಂಗು!

ಪೆಟ್ಟಿಗೆಯ ಕಾನೂನೇ ಹಾಗೆ: ಬಲಗಡೆಯಿಂದ ಹೊರಬಿದ್ದದ್ದು ಎಡಗಡೆಯಿಂದ ಒಳಗೆ ಬರಬೇಕು. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಹುಟ್ಟುಸಾವು ಎಣಿಸುವ ಪ್ರೋಗ್ರಾಮಿಗೆ ಮಾತ್ರ. ಅಂಚು ದಾಟಿದವನನ್ನೆಲ್ಲ ಅದು ಸತ್ತ ಎಂದು ಬರೆದುಕೊಳ್ಳುತ್ತಿತ್ತು. ಆ ಪ್ರೋಗ್ರಾಂ ಬರೆದದ್ದು ಮೇಡಂ, ತಾವು ವಿದ್ಯಾರ್ಥಿಯಾಗಿದ್ದಾಗ. ಆಗ ಅವರ ಪೆಟ್ಟಿಗೆಯಲ್ಲಿ ಗಾಳಿ ಇರಲಿಲ್ಲ, ಮೋಡಗಳು ಹುಟ್ಟಿದ ಕಡೆಯೇ ಕರಗುತ್ತಿದ್ದವು. ಗಾಳಿ ಬಿಟ್ಟವನು ಇವನು.

ಕಾರಿಡಾರಿನಲ್ಲಿ ಓಡಿದ.

"ಮೇಡಂ! ಮೋಡಗಳು ಸಾಯ್ತಾ ಇಲ್ಲ! ನಾವೇ ಸಾಯಿಸ್ತಾ ಇದೀವಿ!"

ಮೇಡಂ ಕಾಗದಗಳಿಂದ ತಲೆ ಎತ್ತಲಿಲ್ಲ. "ಇವತ್ತೊಂದ್ ದಿನ ಬಿಟ್ಬಿಡೋ. ಕೈ ಮುಗೀತೀನಿ."

"ತಮಾಷೆ ಅಲ್ಲ ಮೇಡಂ, ಅಮ್ಮನಾಣೆ..."

"ಹೋದ್ ತಿಂಗ್ಳೂ ಅಮ್ಮನಾಣೆ ಅಂದಿದ್ದೆ."

ಅಂದಿದ್ದ. ದೊಡ್ಡ ಕಂಪ್ಯೂಟರಿಗೆ ಬೆಂಕಿ ಬಿದ್ದಿದೆ ಎಂದು ಕೂಗಿದ್ದ. ಬರಿಗಾಲಲ್ಲಿ ಓಡಿ ಬಂದ ಮೇಡಂ ಕಂಡದ್ದು, ಬಾಗಿಲಲ್ಲಿ ಕೇಕು ಹಿಡಿದು ನಿಂತ ಇವನನ್ನು. ಬೆಂಕಿ ಇದ್ದದ್ದು ಮೇಣದಬತ್ತಿಯಲ್ಲಿ, ಹುಟ್ಟುಹಬ್ಬ ಮೇಡಂದು. ಕೇಂದ್ರವೆಲ್ಲ ನಕ್ಕಿತ್ತು. ಮೇಡಂ ಮಾತ್ರ ಅಲ್ಲೇ ಕುಸಿದು ಕೂತಿದ್ದರು.

ಈಗ ಏನು ಹೇಳಿದರೂ ಅದು ಡೈಲಾಗೇ.

ಮೇಜಿನ ಮೇಲಿದ್ದ ಬಿಳಿ ಹಾಳೆ ಎಳೆದುಕೊಂಡ. ಬಲ ಅಂಚಿಗೆ ತಾಗಿಸಿ ಅರ್ಧ ಮೋಡ ಬರೆದ, ಎಡ ಅಂಚಿಗೆ ಇನ್ನರ್ಧ. ಹಾಳೆಯನ್ನು ಸುರುಳಿ ಸುತ್ತಿ ಎರಡೂ ಅಂಚು ಕೂಡಿಸಿ ಅವರ ಮುಖದ ಮುಂದೆ ಹಿಡಿದ. ಮೋಡ ಇಡಿಯಾಯಿತು.

ಮೇಡಂ ನೋಡಿದರು. ಕನ್ನಡಕ ತೆಗೆದು ಮತ್ತೆ ನೋಡಿದರು. ಸುರುಳಿಯನ್ನು ತಮ್ಮ ಕೈಗೆ ತೆಗೆದುಕೊಂಡು, ಬಿಚ್ಚಿ, ಮತ್ತೆ ಕೂಡಿಸಿದರು. ಮುಖದ ಬಣ್ಣ ಇಳಿಯಿತು.

"ನಾನ್ ಬರ್ದಿದ್ದು," ಎಂದರು. "ಅಯ್ಯೋ ದೇವ್ರೇ, ಅದು ನಾನ್ ಬರ್ದಿದ್ದು ಕಣೋ."

ಪ್ರೋಗ್ರಾಂ ತಿದ್ದಿ, ದೊಡ್ಡ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮತ್ತೆ ಎಣಿಸಲು ದಿನಗಳು ಬೇಕು. ಕಮಿಟಿಯವರು ಆಗಲೇ ಊಟ ಮುಗಿಸಿ ಕೈ ತೊಳೆಯುತ್ತಿದ್ದರು.

"ಹೇಳ್ಬೇಡಿ ಮೇಡಂ," ಎಂದ ಅವನು. "ಹಳೇ ಲೆಕ್ಕಾನೇ ತೋರ್ಸಿ, ಏನೋ ಒಂದು ಹೇಳಿ ಟೈಂ ಕೇಳಿ. ನಿಮ್ ಹೆಸ್ರು..."

"ಗೊತ್ತಿದ್ದೂ ತೋರಿಸ್ಲಾ?" ಮೇಡಂ ಸುರುಳಿ ಹಿಡಿದುಕೊಂಡು ಎದ್ದರು. "ಅದು ನಿನ್ ಕೇಕಿಗಿಂತ ಕೆಟ್ಟ ತಮಾಷೆ ಆಗತ್ತೆ."

ಅವನು ಕಮಿಟಿ ಕೋಣೆಯ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತ. ಒಳಗೆ ಮೇಡಂ ದನಿ ಕೇಳಿಸಿತು, ಆಮೇಲೆ ಯಾರದೋ ಗಡಸು ದನಿ, ಆಮೇಲೆ ಕುರ್ಚಿ ಸರಿದ ಸದ್ದು. ಸಿನಿಮಾದಲ್ಲಾದರೆ ಇಷ್ಟು ಹೊತ್ತಿಗೆ ಒಬ್ಬ ಹಿರಿಯರು ಎದ್ದು ಚಪ್ಪಾಳೆ ಶುರು ಮಾಡಬೇಕಿತ್ತು.

ಬಾಗಿಲು ತೆರೆಯಿತು.

"ನಾಳೆಯಿಂದ ಮಷೀನು ಬೇರೆಯವ್ರದ್ದು. ಸರಿ ಮಾಡ್ಕೊಂಡು ಮುಂದಿನ್ ವರ್ಷ ಬನ್ನಿ ಅಂದ್ರು."

"ನಕ್ಕ್ರಾ ಮೇಡಂ?"

"ಇಲ್ಲ. ನಕ್ಕಿದ್ರೆ ವಾಸಿ ಇತ್ತು."

ಮುಂದಿನ ವರ್ಷಕ್ಕೆ ಅವನಿಗೆ ಸ್ಟೈಪೆಂಡ್ ಇಲ್ಲ, ಹಾಸ್ಟೆಲಿನಲ್ಲಿ ಜಾಗವೂ ಇಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

"ಮೋಡದ ಚಿತ್ರಗಳೆಲ್ಲ ನಮ್ ಹತ್ರಾನೇ ಇದಾವಲ್ಲ ಮೇಡಂ," ಎಂದ ಅವನು. "ಎಣಿಸೋಕೆ ಮಷೀನಿಲ್ಲ, ಅಷ್ಟೇ."

"ಕಣ್ಣಿದಾವಲ್ಲ. ಪ್ರಿಂಟ್ ಹಾಕು."

ಆಕಾಶದ ಒಂದೊಂದು ಕ್ಷಣಕ್ಕೆ ಒಂದೊಂದರಂತೆ ನೆಲದ ತುಂಬ ಹಾಳೆ ಹಾಸಿ, ಚಪ್ಪಲಿ ಬಿಟ್ಟು ಮಂಡಿಯೂರಿದರು. ಒಂದು ಮೋಡ ಆರಿಸಿ ಮೇಡಂ ಪೆನ್ಸಿಲಿನಿಂದ ಅದರ ಬೆನ್ನು ಹತ್ತಿದರು. ಅಂಚು ಬಂದಾಗೆಲ್ಲ ಅವನು ಮುಂದಿನ ಹಾಳೆಯ ಎಡ ಅಂಚನ್ನು ತಂದು ಕೂಡಿಸಿದ. ಮೋಡ ದಾಟಿತು. ಉಬ್ಬಿತು. ಮತ್ತೆ ದಾಟಿತು. ನಿಜವಾದ ಮೋಡದಷ್ಟೇ ಕಾಲ ಬದುಕಿ, ಯಾವ ಅಂಚೂ ಹತ್ತಿರವಿಲ್ಲದ ಒಂದು ಹಾಳೆಯ ನಟ್ಟನಡುವೆ ತೆಳ್ಳಗಾಗಿ, ಹರಿದು, ಮುಂದಿನ ಹಾಳೆಯಲ್ಲಿ ಇರಲೇ ಇಲ್ಲ.

ಮೇಡಂ ಪೆನ್ಸಿಲು ಎತ್ತಿದರು. "ಏನೋ, ಡೈಲಾಗ್ ಇಲ್ವಾ?"

"ಇವ್ನು ನಿಜವಾಗ್ಲೂ ಸತ್ತ ಮೇಡಂ," ಎಂದು ಅವನು ಕಣ್ಣೊರೆಸಿಕೊಂಡ.

ಮೇಡಂ ಆ ಮೋಡದ ಪಕ್ಕ ಒಂದು ಗುರುತು ಹಾಕಿ, ಪಕ್ಕದಲ್ಲಿದ್ದ ಇನ್ನೊಂದು ಮೋಡದ ಮೇಲೆ ಪೆನ್ಸಿಲು ಇಟ್ಟರು.