ಮುತ್ತವ್ವನ ಜೋಡಿ ನಾಣ್ಯ

ಬನಹಟ್ಟಿಯ ನೇಕಾರ ಮಲಕಾಜಪ್ಪನ ಕಣ್ಣೆಂದರೆ ಕಣ್ಣು. ಸಾವಳಗಿಯಲ್ಲಿ ಒಣಹಾಕಿದ ಸೀರೆಯ ಅಂಚಿನಲ್ಲಿ ಒಂದು ಎಳೆ ತಪ್ಪಿದ್ದರೆ ರಬಕವಿಯಲ್ಲಿ ನಿಂತೇ ಹೇಳಿಬಿಡುವನು. ಅವನು ನೇಯ್ದ ಸೀರೆಯಲ್ಲಿ ಮೊದಲ ಹೂವಿಗೂ ಕೊನೆಯ ಹೂವಿಗೂ ಕೂದಲೆಳೆಯ ಫರಕು ಸಿಕ್ಕರೆ ಸೂರ್ಯ ಪಶ್ಚಿಮಕ್ಕೆ ಹುಟ್ಟಿದಂತೆಯೇ.

ಅಂಥ ಕಣ್ಣಿಗೆ ಹೆಂಡತಿ ಮುತ್ತವ್ವನ ಕೊರಳಲ್ಲಿ ಕಳ್ಳತನ ಕಂಡಿತು.

ಅವಳ ಅತ್ತೆಯಿಂದ ಬಂದ ಎರಡು ಬೆಳ್ಳಿ ನಾಣ್ಯ. ಯಾವ ಸಾಮಂತ ಹೊಡೆಸಿದ್ದೋ, ದೇವರ ಜಗುಲಿಯ ಗಂಟಿನಲ್ಲಿ ಕಾಡಿಗೆಯಂತೆ ಕಪ್ಪಾಗಿ ಬಿದ್ದಿದ್ದವು. ಜಮಖಂಡಿಯಲ್ಲಿ ಬೆಳ್ಳಿ-ಬಂಗಾರದ ಕೆಲಸ ಮಾಡುವ ಪತ್ತಾರ ಜ್ಞಾನೇಶ್ವರ ಅವನ್ನು ಬೆಳಗಿ, ಸರಕ್ಕೆ ಕೊಂಡಿ ಹಚ್ಚಿ ಕೊಟ್ಟಿದ್ದ. ಎರಡರ ಮೇಲೂ ಕುದುರೆಯ ಅಚ್ಚು.

"ಇದರಾಗ ಕುದರಿಗಿ ನಾಕೂ ಕಾಲ ಅದಾವು. ಅದರಾಗ ಹಿಂದಿನ ಕಾಲ ಇಲ್ಲ. ಜೋಡೀನ ಅಲ್ಲಬೇ ಇದು! ನಮ್ಮ ಹಿರ್ಯಾರದು ಒಂದು ಬದಲಿ ಮಾಡ್ಯಾನ."

"ಸುಮ್ನ ಕೂಡ್ರಿ. ನಿಮ್ಮ ಜೋಡಿ ಸಾಲಿ ಕಲತಾಂವ ಅಂವ."

"ಅದಕ್ಕ ಅನಮಾನ! ಗೆಳ್ಯಾಂದು ಯಾರು ತಿರಗಿಸಿ ನೋಡ್ತಾರ?"

ಇಬ್ಬರೂ ಜಮಖಂಡಿ ಬಸ್ಸು ಹತ್ತಿದರು. ಹೌದಲ್ಲ, ಕೊಂಡಿ ಹಚ್ಚಿದ ಕೂಲಿಯನ್ನೂ ಜ್ಞಾನೇಶ್ವರ ಬೇಡವೆಂದಿದ್ದ! ಯಾಕೆ? ಅನುಮಾನ ಎಷ್ಟು ಉಬ್ಬಿತೆಂದರೆ ಸೀಟು ಸಾಲದೆ ಪಕ್ಕದವನು ಎದ್ದು ನಿಂತ.

ಮಾತು ಕೇಳಿ ಜ್ಞಾನೇಶ್ವರ ನಕ್ಕ. ನಕ್ಕಿದ್ದೂ ಮಲಕಾಜಪ್ಪನಿಗೆ ಸಾಕ್ಷಿಯೇ.

"ಲೇ, ಇವು ಮಷೀನ್ ನಾಣ್ಯ ಅಲ್ಲ. ಬೆಳ್ಳಿ ತುಣಕ ಅಚ್ಚಿನ ನಡಕ ಇಟ್ಟು ಸುತ್ತಿಗಿಲೆ ಬಡದದ್ದು. ಏಟು ಓರೆ ಬಿತ್ತಂದ್ರ ಕುದರಿ ಕಾಲು ಹೊರಗ ಉಳೀತು. ಎರಡೂ ಖರೇನ."

"ನಾನೂ ಕೈಲೇ ನೇಯಾಂವ. ನನ್ನ ಹೂವಿನ ಪಕಳಿ ಯಾವಾಗರೆ ಹೊರಗ ಉಳದಾವೇನು? ಕತ್ತರಿಸು, ಒಳಗ ತಾಮ್ರ ಐತಿ."

"ಕತ್ತರಿಸಿದ್ರ ನಾಣ್ಯ ಹೋತು, ನೋಡು."

"ಹೆದರಿದಿ!"

ಜ್ಞಾನೇಶ್ವರನ ನಗು ಆರಿತು. ಮುತ್ತವ್ವ ಬ್ಯಾಡ್ರಿ ಎನ್ನುವುದರೊಳಗೆ ಕತ್ತರಿ ಕಚ್ಚಿತು. ಒಳಗೆಲ್ಲ ಬೆಳ್ಳಿ, ಸೀತಾಫಲದ ತಿರುಳಿನಷ್ಟು ಬಿಳಿ.

"ಈಗ ಕಣ್ಣು ತಂಪಾತೇನ್ರಿ?" ಮುತ್ತವ್ವ ಎರಡೂ ತುಂಡನ್ನು ಗಂಡನ ಅಂಗೈಗೆ ಹಾಕಿ ಬಸ್‌ಸ್ಟ್ಯಾಂಡಿನ ಹಾದಿ ಹಿಡಿದಳು.

"ಬೆಸಿಗಿ ಹಾಕಿ ಕೊಡೋ ಗೆಳ್ಯಾ."

"ನಾ ಬದಲಿ ಮಾಡಾಂವ. ಬ್ಯಾರೆ ಪತ್ತಾರನ ಕಡಿ ಹೋಗು."

ಬೇರೆ ಪತ್ತಾರ! ಮುಧೋಳದಿಂದ ಬೀಳಗಿಯವರೆಗಿನ ಪತ್ತಾರರನ್ನೆಲ್ಲ ಕಳ್ಳರೆಂದು ಹಿಂದೆಯೇ ಸಾರಿಯಾದ ಮೇಲೆ ಅವನಿಗೆ ಉಳಿದದ್ದು ಇದೊಂದೇ ಬಾಗಿಲು. ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ಮಲಕಾಜಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕುಳಿತ.

ಜ್ಞಾನೇಶ್ವರ ಒಳಗಿನಿಂದ ಅವನನ್ನೇ ನೋಡುತ್ತಿದ್ದ. ನೋಡುತ್ತಲೇ, ಗೆಳೆಯನ ಕೈಗೆಟುಕುವಂತಿದ್ದ ಬೆಳ್ಳಿ ಚೂರುಗಳ ತಟ್ಟೆಯನ್ನು ತನ್ನ ಕಡೆಗೆ ಸರಿಸಿಕೊಂಡ.