ಇಲ್ಲದ ಒಂಬತ್ತನೇ ಕೋಣೆ

ಆಸ್ಪತ್ರೆಗಳಿಗೆ ಔಷಧಿ ಪೂರೈಸುವ ಆ ಕಂಪನಿಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆರ್ಡರು, ಸ್ಟಾಕು, ಬಿಲ್ಲು ಎಲ್ಲವನ್ನೂ ಹೊತ್ತು ನಿಂತಿದ್ದ ಹಳೇ ಸಾಫ್ಟ್‌ವೇರನ್ನು ಇಷ್ಟು ವರ್ಷ ಸಾಕಿಕೊಂಡು ಬಂದವಳು ಅವಳೇ. ಅದಕ್ಕೀಗ ವಯಸ್ಸಾಗಿತ್ತು. ಒಂದು ವರದಿ ಕೇಳಿದರೆ ಮೀನಮೇಷ ಎಣಿಸುತ್ತಿತ್ತು. ಹೊಸದಕ್ಕೆ ಹೋಗೋಣ ಎಂದು ಮಾಲೀಕರು ತೀರ್ಮಾನಿಸಿ, ಯೋಜನೆಯನ್ನು ಅವಳ ತಲೆಗೆ ಕಟ್ಟಿದರು.

ಅಂದಿನಿಂದ ಅವಳಿಗೆ ಊಟ ಸೇರದಾಯಿತು. ಬೆಳಿಗ್ಗೆ ಅತ್ತೆಗೆ ಇನ್ಸುಲಿನ್ ಚುಚ್ಚುವಾಗಲೂ ಮನಸ್ಸು ಆಫೀಸಿನಲ್ಲೇ.

"ಅತ್ತೆ, ಏನೋ ಮರೆತಿದ್ದೀನಿ ಅನ್ನಿಸ್ತಿದೆ. ಏನು ಅಂತ ಗೊತ್ತಾಗ್ತಿಲ್ಲ."

"ಗೊತ್ತಾದ್ರೆ ಅದು ಮರೆವು ಹೇಗಾಗುತ್ತೆ? ಮೊದಲು ತಿಂಡಿ ತಿನ್ನು," ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತಾ.

ತಿಂಗಳ ಕೊನೆಗೆ ಹಳೇದನ್ನು ಮುಚ್ಚಲೇಬೇಕು ಎಂದು ಮಾಲೀಕರು ಕುಣಿಯುತ್ತಿದ್ದರು. ಅವಳು ಹಟ ಹಿಡಿದು ಒಂದು ತಾಲೀಮು ಕೇಳಿದಳು: ಮೊದಲು ಮಾಹಿತಿಯನ್ನೆಲ್ಲ ಹೊಸದಕ್ಕೆ ಸುರಿದು ಪರೀಕ್ಷಿಸೋಣ, ನಿಜವಾದ ಬದಲಾವಣೆ ಆಮೇಲೆ. ತಯಾರಿ ನಡೆದಿದ್ದಾಗ ಹೊಸ ಸಾಫ್ಟ್‌ವೇರಿನ ಎಂಜಿನಿಯರ್ ಬಂದು, "ಅಕ್ಕ, ಹಳೇದರಲ್ಲಿ ಕಸ ಜಾಸ್ತಿ. ಗೋದಾಮಿನ ನಕ್ಷೆಯಲ್ಲಿ ಇಲ್ಲದ ಜಾಗಗಳನ್ನೆಲ್ಲ ಮೊದಲನೇ ಕೋಣೆಗೆ ಸೇರಿಸಿಬಿಡಲಾ?" ಎಂದು ಕೇಳಿದ. ಫೋನಿನಲ್ಲಿದ್ದ ಅವಳು ಹೂಂ ಎಂದು ತಲೆಯಾಡಿಸಿದಳು.

ತಾಲೀಮಿನ ದಿನ ಎಲ್ಲವೂ ಸಲೀಸಾಗಿ ನಡೆಯಿತು. ಎಂಜಿನಿಯರ್ ಬೀಗುತ್ತಾ ಪರದೆ ತೋರಿಸುತ್ತಿದ್ದ. ಇನ್ಸುಲಿನ್ ಸ್ಟಾಕಿನ ಮುಂದೆ ಅವಳ ಕಣ್ಣು ನಿಂತಿತು. ಇರಬೇಕಾದದ್ದಕ್ಕಿಂತ ಜಾಸ್ತಿ ಇತ್ತು.

ಗೋದಾಮಿನಲ್ಲಿ ಇದ್ದದ್ದು ಎಂಟೇ ಕೋಣೆ. ಒಂಬತ್ತನೆಯದು ಹಳೇ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಕೆಟ್ಟ ಔಷಧಿಯನ್ನು ಯಾರೂ ಮಾರದಿರಲಿ ಎಂದು, ಅದನ್ನು ಗೋದಾಮಿನ ಒಂದು ಮೂಲೆಗಿಟ್ಟು, ಲೆಕ್ಕದಲ್ಲಿ ಆ ಇಲ್ಲದ ಕೋಣೆಗೆ ತಳ್ಳುತ್ತಿದ್ದರು. ಕೆಲವು ವಾರಗಳ ಹಿಂದೆ ಕರೆಂಟು ಹೋಗಿ ಔಷಧಿ ತಂಪಾಗಿಡುವ ಕೋಣೆ ಬಿಸಿಯಾದಾಗ ಕೆಟ್ಟುಹೋದ ಇನ್ಸುಲಿನ್ನೂ ಲೆಕ್ಕದಲ್ಲಿ ಆ ಒಂಬತ್ತನೇ ಕೋಣೆಯಲ್ಲೇ ಇತ್ತು. ಈಗ ಅದು ಹೊಸ ಲೆಕ್ಕದಲ್ಲಿ ಮೊದಲನೇ ಕೋಣೆಗೆ ಬಂದು, ಮಾರಾಟಕ್ಕೆ ಸಿದ್ಧ.

ಬರೀ ತಾಲೀಮು ತಾನೇ ಎಂದು ಸಮಾಧಾನ ಮಾಡಿಕೊಳ್ಳುತ್ತಲೇ ಗೋದಾಮಿಗೆ ಫೋನ್ ಮಾಡಿದಳು. ಎತ್ತಿದ್ದು ಅಲ್ಲಿನ ಮುಖ್ಯಸ್ಥ, ಎಲ್ಲರ ಮೀಸೆಮಾಮ.

"ಮಾಮ, ಕೆಟ್ಟ ಇನ್ಸುಲಿನ್ ಮೂಲೆಯಲ್ಲೇ ಇದೆ ಅಲ್ವಾ?"

"ಇಲ್ವಲ್ಲಕ್ಕ. ಬೆಳಿಗ್ಗೆನೇ ಪ್ರಿಂಟರಿನಲ್ಲಿ ಆರ್ಡರ್ ಚೀಟಿ ಬಂತು. ಪರೀಕ್ಷೆ ಮಾಡೋ ಲ್ಯಾಬಿನವರು ಸರಿ ಇದೆ ಅಂದಿರಬೇಕು ಅಂದ್ಕೊಂಡು ದೊಡ್ಡಾಸ್ಪತ್ರೆಗೆ ಕಳಿಸಿದ್ವಿ."

ಅವಳು ಎಂಜಿನಿಯರ್ ಕಡೆ ತಿರುಗಿದಳು. "ತಾಲೀಮಿಗೆ ಮುಂಚೆ ಗೋದಾಮಿನ ಪ್ರಿಂಟರ್ ಸಂಪರ್ಕ ಬಿಡಿಸಬೇಕಿತ್ತು. ಬಿಡಿಸಿಲ್ಲ. ತಾಲೀಮಿನ ಆರ್ಡರಿಗೆ ಅಲ್ಲಿ ನಿಜವಾದ ಚೀಟಿ ಬಂದಿದೆ," ಎಂದ.

ವ್ಯಾನಿನ ಡ್ರೈವರ್ ಫೋನು ಎತ್ತಲಿಲ್ಲ. ಅವಳು ಹೇಳಿದ್ದನ್ನು ಕೇಳಿ ಮಾಲೀಕರು ಎದ್ದು ತಮ್ಮ ಕೋಣೆಯ ಬಾಗಿಲು ಮುಚ್ಚಿದರು. "ನೋಡಮ್ಮ, ಆಸ್ಪತ್ರೆಗೆ ಈಗಲೇ ಹೇಳಬೇಡ. ಹುಡುಗರನ್ನ ಕಳಿಸಿ ಸದ್ದಿಲ್ಲದೆ ಬಾಕ್ಸು ಬದಲಾಯಿಸೋಣ."

"ಅಷ್ಟರಲ್ಲಿ ಯಾರಿಗಾದ್ರೂ ಕೊಟ್ಟುಬಿಟ್ರೆ, ಸರ್?"

ಮಾಲೀಕರ ಎದುರಿಗೇ ಅವಳು ಆಸ್ಪತ್ರೆಯ ಔಷಧಿ ವಿಭಾಗಕ್ಕೆ ಫೋನ್ ಮಾಡಿದಳು. ಆ ಕಡೆಯ ಹೆಂಗಸು ಬ್ಯಾಚ್ ನಂಬರು ಬರೆದುಕೊಂಡು ಒಳಗೆ ಹೋದಳು. ವಾಪಸು ಬಂದು ಫೋನು ಎತ್ತಿದಳು.

"ಎಲ್ಲಾ ಸಿಕ್ಕಿತು, ಒಂದು ಬಾಟಲಿ ಬಿಟ್ಟು. ವಾರ್ಡಿನಲ್ಲಿ ಒಬ್ಬರಿಗೆ ಆಗಲೇ ಕೊಟ್ಟಿದ್ದಾರೆ. ಅವರ ಶುಗರ್ ಇಳೀತಾ ಇಲ್ಲ, ಯಾಕೆ ಅಂತ ಡಾಕ್ಟರಿಗೆ ಅರ್ಥ ಆಗ್ತಿರಲಿಲ್ಲ."

ಕೆಟ್ಟ ಇನ್ಸುಲಿನ್ ನೋಡಲು ಒಳ್ಳೆಯದರ ಹಾಗೇ ಇರುತ್ತದೆ, ಕೆಲಸ ಮಾಡುವುದಿಲ್ಲ ಅಷ್ಟೇ. ಆ 'ಅಷ್ಟೇ' ಎಂಬುದರೊಳಗೆ ಏನೇನಿದೆ ಎಂದು ಅತ್ತೆಯನ್ನು ನೋಡಿಕೊಂಡವಳಿಗೆ ಯಾರೂ ಹೇಳಬೇಕಿರಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಓಡಿದಳು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ರೋಗಿಯ ಮಗಳು ಕೂತಿದ್ದಳು. "ನೀವು ಯಾರ ಕಡೆಯವರು?" ಎಂದು ವಿಚಾರಿಸಿದಳು. ಯಾರ ಕಡೆಯವಳೂ ಅಲ್ಲ ಎಂದು ಹೇಳಿ ಹೋಗಿಬಿಡಬಹುದಿತ್ತು. ಅವಳು ಬೆಂಚಿನ ತುದಿಯಲ್ಲಿ ಕೂತಳು.

"ಆ ಔಷಧಿ ನಮ್ಮಲ್ಲಿಂದ ಬಂದದ್ದು. ತಪ್ಪು ನಮ್ಮದು. ಅದರಲ್ಲಿ ನನ್ನ ಪಾಲೂ ಇದೆ."

ಮಗಳು ಚೀಲ ಎತ್ತಿಕೊಂಡು ದೂರದ ಬೆಂಚಿಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ವಾರ್ಡಿನ ಬಾಗಿಲು ತೆರೆದಾಗಲೆಲ್ಲ ಅಕ್ಕ ಎದ್ದು ನಿಲ್ಲುತ್ತಿದ್ದಳು. ಸಂಜೆ ನರ್ಸ್ ಹೊರಗೆ ಬಂದು, "ಬೇರೆ ಇನ್ಸುಲಿನ್ ಹಾಕಿದ್ವಿ. ಶುಗರ್ ಇಳೀತಿದೆ. ನಿಮ್ಮ ತಂದೆ ನೀರು ಕೇಳ್ತಿದ್ದಾರೆ," ಎಂದಳು. ಮಗಳು ಎದ್ದು ಒಳಗೆ ಓಡಿದಳು.

ಮರುದಿನ ಮಾಲೀಕರು ಕೂಗಾಡಲಿಲ್ಲ. "ತಾರೀಕು ನೀನೇ ಹೇಳು," ಎಂದರು, ಅವಳ ಮುಖ ನೋಡದೆ.

"ಈಗ ಹೇಳೋಕಾಗಲ್ಲ, ಸರ್. ಒಂಬತ್ತನೇ ಕೋಣೆ ನನಗೆ ಗೊತ್ತಿತ್ತು, ಆದ್ರೂ ತಪ್ಪಿಹೋಯ್ತು. ನನಗೆ ಗೊತ್ತಿಲ್ಲದ್ದು ಇನ್ನೆಷ್ಟಿದೆಯೋ. ಒಬ್ಬೊಬ್ಬರ ಹತ್ತಿರಾನೂ ಕೂತು ಕೇಳಬೇಕು."

ಮಾಲೀಕರು ತಲೆಯಾಡಿಸಿದರು. ಕೇಳುತ್ತಾ ಹೋದಂತೆ ಅವಳ ಭಯ ಕಡಿಮೆಯಾಗುವ ಬದಲು ಬೆಳೆಯಿತು. ಬಾಯಿಂದ ಬಾಯಿಗಷ್ಟೇ ನಡೆದು ಬಂದ ಇಂಥ ಉಪಾಯಗಳು ಪ್ರತಿ ಮೇಜಿನಲ್ಲೂ ಇದ್ದವು. ಬದಲಾವಣೆ ನಡೆದದ್ದು ಎಷ್ಟೋ ತಿಂಗಳ ಮೇಲೆ. ಅಂದು ಯಾವ ಅನಾಹುತವೂ ಆಗಲಿಲ್ಲ. ಆದರೂ ಮೊದಲ ವ್ಯಾನು ಹೊರಟಾಗ ಅವಳು ಡ್ರೈವರ್ ಪಕ್ಕದಲ್ಲಿ ಹತ್ತಿ ಕೂತಳು, ಬಾಕ್ಸುಗಳ ಬ್ಯಾಚ್ ನಂಬರನ್ನು ಆಸ್ಪತ್ರೆಯಲ್ಲಿ ತಾನೇ ನೋಡಿ ಒಪ್ಪಿಸಲು.